ಮನೆಯೊಳಗಿನ ಗಿಡದ ಎಲೆ ಹಳದಿಯಾಗುತ್ತಿದೆ, ಯಾವ ಗೊಬ್ಬರ ಹಾಕಲಿ?

ಕುಂಬಳೆಯ ಮನೆಯ ಚಾವಡಿಯಲ್ಲಿಟ್ಟ ಮನಿ ಪ್ಲಾಂಟ್, ಪೀಸ್ ಲಿಲಿ ಎರಡೂ ಜುಲೈಯಿಂದ ಹಳದಿಯಾಗುತ್ತಿವೆ, ಯೂರಿಯಾ ಹಾಕಲಾ ಎಪ್ಸಮ್ ಸಾಲ್ಟ್ ಹಾಕಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ನಾನು ಬದಿಯಡ್ಕದ ಕಡೆಯವನು, ಮಳೆಗಾಲದಲ್ಲಿ ನಮ್ಮಲ್ಲೂ ಇದೇ ಕತೆ. ಈ ಹೊತ್ತಿನಲ್ಲಿ ಹಳದಿಯಾಗುವ ಗಿಡಕ್ಕೆ ಹೆಚ್ಚಾಗಿ ಗೊಬ್ಬರ ಕಡಿಮೆಯಾಗಿರುವುದಿಲ್ಲ, ನೀರು ಜಾಸ್ತಿಯಾಗಿರುತ್ತದೆ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3500 ಮಿ.ಮೀ. ಆಸುಪಾಸು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಗೆದ ಬಟ್ಟೆಯೇ ಒಣಗದ ದಿನಗಳಲ್ಲಿ ಚಟ್ಟಿಯ ಮಣ್ಣು ಒಣಗುತ್ತದಾ? ಬೇಸಿಗೆಯ ಅಭ್ಯಾಸದಲ್ಲಿ ದಿನಾ ಒಂದು ಚೆಂಬು ನೀರು ಹೊಯ್ದರೆ ಬೇರಿಗೆ ಗಾಳಿ ಸಿಗುವುದಿಲ್ಲ, ಕೊಳೆಯಲು ಶುರುವಾಗುತ್ತದೆ. ಬೇರು ಕೊಳೆತ ಮೇಲೆ ಮಣ್ಣಲ್ಲಿ ಎಷ್ಟೇ ಸತ್ವ ಇದ್ದರೂ ಮೇಲೆ ಹೋಗುವುದಿಲ್ಲ. ಹಾಗಾಗಿ ನೋಡುವುದಕ್ಕೆ ಗೊಬ್ಬರ ಸಾಲದ ಗಿಡದ ಹಾಗೇ ಕಾಣುತ್ತದೆ. ಅದಕ್ಕೆ ಯೂರಿಯಾ ಹಾಕಿದರೆ ಉಳಿದ ಬೇರೂ ಸುಡುತ್ತದೆ.

ಮೊದಲು ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಹಸಿ ಇದ್ದರೆ ಗಿಡವನ್ನು ಮೆಲ್ಲ ಚಟ್ಟಿಯಿಂದ ಕಳಚಿ ನೋಡಿ. ಒಳ್ಳೆಯ ಬೇರು ಬಿಳಿಯಾಗಿ ಗಟ್ಟಿ ಇರುತ್ತದೆ. ಕೊಳೆತದ್ದು ಕಂದು ಬಣ್ಣಕ್ಕೆ ತಿರುಗಿ, ಹಿಡಿದು ಎಳೆದರೆ ಹೊರಗಿನ ಸಿಪ್ಪೆ ಜಾರಿ ಬೆರಳಿಗೆ ಬರುತ್ತದೆ, ಒಳಗಿನ ತೆಳ್ಳನೆಯ ಎಳೆ ಮಾತ್ರ ಉಳಿಯುತ್ತದೆ. ಕೆಸರು ವಾಸನೆಯೂ ಇರುತ್ತದೆ. ಅಂಥದ್ದನ್ನೆಲ್ಲ ಕತ್ತರಿಸಿ ತೆಗೆದು ಹೊಸ ಮಣ್ಣಿಗೆ ಹಾಕಿ. ಬರೀ ಮುರಮಣ್ಣು, ಅಂದರೆ ನಮ್ಮೂರ ಕೆಂಪು ಜಂಬಿಟ್ಟಿಗೆ ಮಣ್ಣು, ಚಟ್ಟಿಯಲ್ಲಿ ಗಟ್ಟಿ ಕೂತುಬಿಡುತ್ತದೆ. ಮರಳು, ಹಳೆಯ ಹಟ್ಟಿಗೊಬ್ಬರ, ಸ್ವಲ್ಪ ಸುಡುಮಣ್ಣು ಬೆರೆಸಿ. ತೆಂಗಿನ ನಾರಿನ ಪುಡಿ ಬಳಸುವುದಾದರೆ ಚೆನ್ನಾಗಿ ತೊಳೆದದ್ದೇ ಆಗಬೇಕು. ತೊಳೆಯದ ಪುಡಿಯಲ್ಲಿ ಉಪ್ಪು ಇರುತ್ತದೆ, ಮೇಲಿಂದ ಅದು ಕೊಳೆಯುವಾಗ ಗಿಡಕ್ಕೆ ಸಿಗಬೇಕಾದ ಸಾರಜನಕವನ್ನೂ ತಿನ್ನುತ್ತದೆ. ಚಟ್ಟಿಯ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸಲೇಬೇಡಿ.

ಬೇರು ಚೆನ್ನಾಗಿದ್ದೂ ಹಳದಿಯಾಗುತ್ತಿದ್ದರೆ ಆಗ ಗೊಬ್ಬರದ ಮಾತು. ಹಳದಿ ಯಾವ ಎಲೆಯಲ್ಲಿ ಶುರುವಾಯಿತು ಅಂತ ನೋಡಿ. ಸಾರಜನಕ, ಮೆಗ್ನೀಷಿಯಂ, ಪೊಟ್ಯಾಷ್ ಕಡಿಮೆಯಾದರೆ ಗಿಡ ಹಳೆಯ ಎಲೆಯಿಂದ ಅವನ್ನು ಕಿತ್ತು ಚಿಗುರಿಗೆ ಕೊಡುತ್ತದೆ. ಆದ್ದರಿಂದ ಕೆಳಗಿನ ಎಲೆ ಮೊದಲು ಹಳದಿ. ಇಡೀ ಎಲೆ ಒಂದೇ ಸಮ ಮಂಕಾದರೆ ಸಾರಜನಕ. ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಮೆಗ್ನೀಷಿಯಂ, ನಿಮ್ಮ ಎಪ್ಸಮ್ ಸಾಲ್ಟ್ ಕೆಲಸಕ್ಕೆ ಬರುವುದು ಇಲ್ಲಿ ಮಾತ್ರ: ಲೀಟರ್ ನೀರಿಗೆ ಒಂದು ಟೀ ಚಮಚ. ಅಂಚು ಹಳದಿಯಾಗಿ ಆಮೇಲೆ ಸುಟ್ಟ ಹಾಗಾದರೆ ಪೊಟ್ಯಾಷ್, ಆದರೆ ಮಣ್ಣಲ್ಲಿ ಉಪ್ಪು ಕೂತರೂ ಅಂಚು ಹಾಗೇ ಸುಡುತ್ತದೆ. ಕಬ್ಬಿಣ ಹಾಗಲ್ಲ, ಹಳೆಯ ಎಲೆಯಿಂದ ಹೊರಡುವುದೇ ಇಲ್ಲ. ಅದು ಸಾಲದಿದ್ದರೆ ಚಿಗುರೆಲೆಯೇ ಹಳದಿಯಾಗಿ ನರದ ಬಲೆ ಮಾತ್ರ ಹಸಿರಾಗಿ ಕಾಣುತ್ತದೆ. ಮುರಮಣ್ಣು ಹುಳಿ ಜಾಸ್ತಿಯ ಮಣ್ಣಾದ್ದರಿಂದ ಅದರಲ್ಲಿ ಕಬ್ಬಿಣದ ಕೊರತೆ ಅಪರೂಪ. ಸುಣ್ಣವೋ ಬೂದಿಯೋ ವಿಪರೀತ ಹಾಕಿದ್ದರೆ ಅನುಮಾನಪಡಿ.

ಅಡಿಕೆ ತೋಟದ ಮನೆಯವರಾದರೆ ಹಳದಿ ಅಂದ ಕೂಡಲೇ ಹಳದಿ ಎಲೆ ರೋಗ ನೆನಪಾಗಿ ಎದೆ ಝಲ್ ಅನ್ನುತ್ತದೆ, ಅಲ್ವಾ? ಅದು ಫೈಟೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಜಾತಿಯ ಸೂಕ್ಷ್ಮಾಣುವಿನಿಂದ ಅಡಿಕೆಗೆ ಬರುವ ರೋಗ, ಈ ಚಟ್ಟಿಗಳಿಗೂ ಅದಕ್ಕೂ ಸಂಬಂಧ ಇಲ್ಲ. ತಳದ ಒಂದೊಂದೇ ಎಲೆ ಅಪರೂಪಕ್ಕೆ ಹಳದಿಯಾಗಿ ಬಿದ್ದರೆ ವಯಸ್ಸಾಗಿದೆ ಅಷ್ಟೇ.

ಪೂರ್ತಿ ಹಳದಿಯಾದ ಎಲೆ ಮತ್ತೆ ಹಸಿರಾಗುತ್ತದೆ ಅಂತ ಕಾಯಬೇಡಿ, ಹೊಸ ಎಲೆಯ ಬಣ್ಣ ನೋಡಿ. ಚಟ್ಟಿಗಳನ್ನು ಕಿಟಕಿಯ ಹತ್ತಿರಕ್ಕೆ ತನ್ನಿ, ಮೋಡದ ದಿನಗಳಲ್ಲಿ ಒಳಗೆ ಬೆಳಕು ತೀರಾ ಕಡಿಮೆ. ಹೊಸ ಚಿಗುರು ಬಂದ ಮೇಲೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ) ಗೊಬ್ಬರ ಲೀಟರಿಗೆ ಒಂದು ಗ್ರಾಂ ಕರಗಿಸಿ ಕೊಟ್ಟರೆ ಸಾಕು, ಅದೂ ಮಳೆ ಸ್ವಲ್ಪ ಬಿಟ್ಟ ನಂತರ.