ತೆರಿಗೆ ರಿಫಂಡ್ ಎಷ್ಟು ಬಂದೀತು ಎಂದು ಕೇಳಿದ ತಮ್ಮನಿಗೆ

ತಮ್ಮಾ, 2023ರಲ್ಲಿ ಎಫ್-1 ವಿದ್ಯಾರ್ಥಿ ವೀಸಾ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಬಂದೆ, 2025ರ ಜುಲೈಯಲ್ಲಿ ಒಪಿಟಿ (ವಿದ್ಯಾರ್ಥಿ ವೀಸಾದಲ್ಲೇ ಸಿಗುವ ತಾತ್ಕಾಲಿಕ ಕೆಲಸದ ಅನುಮತಿ) ಮೇಲೆ ಕೆಲಸ ಸಿಕ್ಕಿತು, ವರ್ಷಕ್ಕೆ 80,000 ಡಾಲರ್ ಸಂಬಳ, ರೂಮ್‌ಮೇಟ್‌ಗೆ ನಾಲ್ಕು ಸಾವಿರ ರಿಫಂಡ್ ಬಂತು, ನನಗೆಷ್ಟು ಅಂತ ಕೇಳಿದ್ದೀಯ. ನಾವು ಬಂದ ಕಾಲಕ್ಕೆ ಇದನ್ನು ಕೂರಿಸಿಕೊಂಡು ಹೇಳುವವರಿರಲಿಲ್ಲ.

ಕಂಪನಿ ಕೊಡುವ ಡಬ್ಲ್ಯೂ-2 ಅಂದರೆ ನಮ್ಮ ಫಾರ್ಮ್ 16 ಇದ್ದ ಹಾಗೆ. ಬಾಕ್ಸ್ 1ರಲ್ಲಿ ಸಂಬಳ, 2ರಲ್ಲಿ ಹಿಡಿದ ಫೆಡರಲ್ ತೆರಿಗೆ, 17ರಲ್ಲಿ ರಾಜ್ಯದ್ದು. ನಿನ್ನ ಆರು ತಿಂಗಳ ಸಂಬಳ 40,000. ತೆರಿಗೆ ಬೀಳದ ಮೊತ್ತ, ಅಂದರೆ 2025ರ ಸ್ಟ್ಯಾಂಡರ್ಡ್ ಡಿಡಕ್ಷನ್ 15,750 ಕಳೆದರೆ 24,250. ಮೊದಲ 11,925ಕ್ಕೆ ಶೇ 10, ಮಿಕ್ಕ 12,325ಕ್ಕೆ ಶೇ 12. ತೆರಿಗೆ ಸುಮಾರು 2,672. ಪೇರೋಲ್‌ನವರು ಮಾತ್ರ ಪ್ರತಿ ಸಂಬಳದಲ್ಲೂ ನೀನು ವರ್ಷಪೂರ್ತಿ ದುಡಿಯುವವನೆಂದೇ ಲೆಕ್ಕ ಹಾಕಿ ಹಿಡಿಯುತ್ತಾರೆ. ಬಾಕ್ಸ್ 2ರಲ್ಲಿ 4,600 ಇದ್ದರೆ ವಾಪಸು ಬರುವುದು 1,928ರ ಆಸುಪಾಸು. ಊರಿಗೆ ಫೋನ್ ಮಾಡಿ ನಾಲ್ಕು ಸಾವಿರ ಅನ್ನಬೇಡ.

ಎಫ್-1ನವರು ಮೊದಲ ಐದು ಕ್ಯಾಲೆಂಡರ್ ವರ್ಷ ಸಾಮಾನ್ಯವಾಗಿ ತೆರಿಗೆ ಲೆಕ್ಕಕ್ಕೆ ಅನಿವಾಸಿ, ಅಂದರೆ ನಾನ್‌ರೆಸಿಡೆಂಟ್, ನಿನಗೆ 2027ರವರೆಗೆ. ಅಂಥವರ ರಿಟರ್ನ್ ಆದ ಫಾರ್ಮ್ 1040-ಎನ್‌ಆರ್ ತುಂಬಬೇಕು, ಜೊತೆಗೆ ವಿದ್ಯಾರ್ಥಿಯಾಗಿ ಇಲ್ಲಿದ್ದ ದಿನಗಳ ವಿವರದ 8843. ನಾನ್‌ರೆಸಿಡೆಂಟ್‌ಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲವೇ ಇಲ್ಲ. ಭಾರತದ ವಿದ್ಯಾರ್ಥಿಗಳಿಗೆ ಮಾತ್ರ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿ ಅದನ್ನು ಕೊಟ್ಟಿದೆ. ಅದು ನಮ್ಮವರಿಗೆ ಸಿಕ್ಕಿದ ದೊಡ್ಡ ಅನುಕೂಲ, ಬಿಡಬೇಡ.

ನಮ್ಮ ಹುಡುಗರು ಎಡವುವುದು ಇಲ್ಲೇ. ಸುಲಭವೆಂದು ಸಿಕ್ಕ ಸಾಫ್ಟ್‌ವೇರ್‌ನಲ್ಲಿ ರೆಸಿಡೆಂಟ್ ಆದವರ ಬರೀ 1040 ತುಂಬುತ್ತಾರೆ, ಕಾಲೇಜು ಫೀಸಿನ ಕ್ರೆಡಿಟ್ಟೂ (ತೆರಿಗೆಯಲ್ಲೇ ಕೊಡುವ ಕಡಿತ) ಸೇರಿಕೊಳ್ಳುತ್ತದೆ, ರಿಫಂಡ್ ಉಬ್ಬುತ್ತದೆ. ಆ ಕ್ರೆಡಿಟ್ ನಾನ್‌ರೆಸಿಡೆಂಟ್‌ಗೆ ಸಲ್ಲದು. ಆಮೇಲೆ ತಿದ್ದುಪಡಿಯ 1040-ಎಕ್ಸ್ ಹಾಕಿ ಬಡ್ಡಿ ಸಮೇತ ಹಿಂತಿರುಗಿಸಬೇಕು. ಗ್ರೀನ್ ಕಾರ್ಡ್ ಹೊತ್ತಿಗೆ ಹಳೆಯ ರಿಟರ್ನ್ ತೆಗೆದು ನೋಡಿ ಪೇಚಾಡಿದವರಿಗೆ ಇದನ್ನು ಸಮಯಕ್ಕೆ ಹೇಳಲಿಲ್ಲವಲ್ಲ ಎಂಬ ಕೊರಗು ನನಗೆ ಇನ್ನೂ ಇದೆ. ರೂಮ್‌ಮೇಟ್ ಯಾವ ಫಾರ್ಮ್ ತುಂಬಿದ್ದಾನೆ, ಕೇಳು.

ರಾಜ್ಯದ ಲೆಕ್ಕ ಬೇರೆ. ಫೆಡರಲ್‌ಗೆ ನಾನ್‌ರೆಸಿಡೆಂಟ್ ಆದವನು ಕ್ಯಾಲಿಫೋರ್ನಿಯಾಕ್ಕೆ ರೆಸಿಡೆಂಟ್ ಆಗಿರಬಹುದು. ಅಲ್ಲಿನ ಡಿಡಕ್ಷನ್ ಆರು ಸಾವಿರವೂ ಇಲ್ಲ, ಒಪ್ಪಂದವನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಟೆಕ್ಸಸ್‌ಗೆ ಹೋದರೆ ರಾಜ್ಯದ ಆದಾಯ ತೆರಿಗೆಯ ಈ ತಲೆನೋವೇ ಇಲ್ಲ.

ಇನ್ನೊಂದು: ಬಾಕ್ಸ್ 4 ಮತ್ತು 6 ಖಾಲಿ ಇರಬೇಕು. ಅಲ್ಲಿ ಬರುವ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ ನಿಧಿ) ಶೇ 6.2, ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ಶೇ 1.45 ನಾನ್‌ರೆಸಿಡೆಂಟ್ ವಿದ್ಯಾರ್ಥಿಯಾದ ನಿನಗೆ ಅನ್ವಯಿಸುವುದಿಲ್ಲ. ಹಿಡಿದಿದ್ದರೆ 3,060 ಡಾಲರ್ ಹೋಯಿತು. ಅದು ರಿಟರ್ನ್‌ನಲ್ಲಿ ಬರುವುದಿಲ್ಲ. ಮೊದಲು ಪೇರೋಲ್‌ಗೆ ಬರೆ, ಅವರು ಕೊಡದಿದ್ದರೆ ಅದನ್ನು ತೆರಿಗೆ ಇಲಾಖೆಯಿಂದ ವಾಪಸು ಕೇಳುವ ಫಾರ್ಮ್ 843 ಮತ್ತು 8316 ತುಂಬು. ಇವತ್ತೇ ಪೇ-ಸ್ಟಬ್ ತೆಗೆದು ನೋಡಿ ನನಗೆ ತಿಳಿಸು.