ಓದುಗರ ಪ್ರಶ್ನೆ: ವ್ಯೂರ್ಟ್ಸ್‌ಬುರ್ಗ್ ಅರಮನೆಯಲ್ಲಿ ಹಳೆಯದೆಷ್ಟು, ಹೊಸದೆಷ್ಟು?

ಪ್ರಶ್ನೆ: ಮಗಳ ಮನೆಗೆಂದು ಫ್ರಾಂಕ್‌ಫರ್ಟ್‌ಗೆ ಹೊರಟಿದ್ದೇವೆ. ಅಲ್ಲಿಂದ ಒಂದು ದಿನದ ಮಟ್ಟಿಗೆ ವ್ಯೂರ್ಟ್ಸ್‌ಬುರ್ಗ್‌ನ ರೆಸಿಡೆನ್ಸ್ ಅರಮನೆಯನ್ನು ನೋಡಿ ಬರಬೇಕೆಂದಿದ್ದೇವೆ. ಆದರೆ ಅದು ಯುದ್ಧದಲ್ಲಿ ಸುಟ್ಟುಹೋಗಿತ್ತೆಂದು ಓದಿದೆ. ಹಾಗಾದರೆ ಈಗಿರುವುದು, ಮೈಸೂರಿನಲ್ಲಿ 1897ರ ಬೆಂಕಿಯ ಬಳಿಕ ಕಟ್ಟಿದಂತೆ, ಹೊಸ ಅರಮನೆಯೇ? ಒಂದು ದಿನ ಸಾಕೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಮೈಸೂರಿನ ಹೋಲಿಕೆ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಅಲ್ಲಿ ಸುಟ್ಟದ್ದು ಮರದ ಅರಮನೆ. 1912ರಲ್ಲಿ ಮುಗಿದದ್ದು ಬೇರೆಯೇ ವಿನ್ಯಾಸದ ಕಟ್ಟಡ. ವ್ಯೂರ್ಟ್ಸ್‌ಬುರ್ಗ್‌ನಲ್ಲಿ 1945ರ ಮಾರ್ಚ್ 16ರ ರಾತ್ರಿ ಸುಮಾರು ಇಪ್ಪತ್ತು ನಿಮಿಷ ನಡೆದ ಬ್ರಿಟಿಷ್ ಬಾಂಬ್ ದಾಳಿಗೆ ಊರಿನ ಬಹುಭಾಗ ನಾಶವಾಯಿತು; ಅರಮನೆಯ ಮಾಡು ಮತ್ತು ಮರದ ಅಟ್ಟಗಳೂ ಉರಿದುಹೋದವು. ಆದರೆ ನಡುಭಾಗದ ದೊಡ್ಡ ಸಭಾಂಗಣಗಳ ಮೇಲಿದ್ದ ಕಲ್ಲಿನ ಕಮಾನು ಚಾವಣಿಗಳು ಉಳಿದುಕೊಂಡವು.

ಆ ಚಾವಣಿಗಳನ್ನು ಕಟ್ಟಿಸಿದ ಬಾಲ್ತಸಾರ್ ನಾಯ್ಮನ್, ಫಿರಂಗಿ ಎರಕದ ಕೆಲಸ ಕಲಿತು ಸೈನ್ಯದ ಎಂಜಿನಿಯರ್ ಆದವನು. ಅಲ್ಲಿನ ಬಿಷಪ್-ದೊರೆಗಾಗಿ 1720ರಲ್ಲಿ ಕೆಲಸ ಆರಂಭಿಸಿ, ಭವ್ಯ ಮೆಟ್ಟಿಲಸಾಲೆಯ ಮೇಲೆ ನಡುವೆ ಒಂದು ಕಂಬವನ್ನೂ ಕೊಡದೆ ಕಮಾನು ಹೊದಿಸಿದ. ಅದರ ಮೇಲೆ ವೆನಿಸ್‌ನ ಚಿತ್ರಕಾರ ತಿಯೆಪೋಲೊ 1752–53ರಲ್ಲಿ ನಾಲ್ಕು ಭೂಖಂಡಗಳನ್ನು ಮನುಷ್ಯರೂಪದಲ್ಲಿ ಚಿತ್ರಿಸಿದ. ಹಸಿ ಗಾರೆಯ ಮೇಲಿನ ಈ ಚಿತ್ರ ಸುಮಾರು 600 ಚದರ ಮೀಟರ್ ಹರಡಿದೆ. ಬೆಂಕಿಯಿಂದ ಪಾರಾದ ಅದಕ್ಕೆ ಮುಂದಿನ ಶತ್ರು ಮಳೆಯಾಗಿತ್ತು. ಕಲಾಸಂಪತ್ತಿನ ರಕ್ಷಣೆಗೆ ನೇಮಕಗೊಂಡಿದ್ದ ಅಮೆರಿಕನ್ ಸೇನಾಧಿಕಾರಿ ಜಾನ್ ಸ್ಕಿಲ್ಟನ್, ಮರಮುಟ್ಟುಗಳಿಗೇ ಬರವಿದ್ದ ಆ ದಿನಗಳಲ್ಲಿ ಮರ ಹೊಂದಿಸಿ ತಾತ್ಕಾಲಿಕ ಮಾಡು ಹಾಕಿಸದಿದ್ದರೆ ಇಂದು ನೋಡಲು ಅದು ಇರುತ್ತಿರಲಿಲ್ಲ.

ಪೂರ್ತಿ ಮರಳಿ ಮಾಡಿದ್ದೆಂದರೆ ಕನ್ನಡಿ ಕೋಣೆ. ಪೀಠೋಪಕರಣಗಳನ್ನು ಮೊದಲೇ ಸಾಗಿಸಿದ್ದರೂ, ಗೋಡೆಗೇ ಕೂಡಿಸಿದ್ದ, ಹಿಂಬದಿಯಿಂದ ಬಣ್ಣ ಮತ್ತು ಚಿನ್ನದ ರೇಕಿನಲ್ಲಿ ಚಿತ್ರ ಬರೆದಿದ್ದ ಗಾಜುಗಳನ್ನು ಬಿಚ್ಚಲಾಗಲಿಲ್ಲ, ಅವೆಲ್ಲ ಒಡೆದುಹೋದವು. ಉಳಿದ ಚೂರುಗಳು, ಹಳೆಯ ಫೋಟೋಗಳು ಮತ್ತು ಹತ್ತೊಂಬತ್ತನೆಯ ಶತಮಾನದ ಒಂದು ಜಲವರ್ಣ ಚಿತ್ರವನ್ನು ಮುಂದಿಟ್ಟುಕೊಂಡು 1979ರಿಂದ 1987ರವರೆಗೆ ಕುಶಲಕರ್ಮಿಗಳು ಅದನ್ನು ಮತ್ತೆ ರಚಿಸಿದರು. ಇದನ್ನು ನಕಲೆಂದು ಕೆಲವರು ಅವಸರದಲ್ಲಿ ದಾಟಿಹೋಗುತ್ತಾರೆ. ನನಗಂತೂ, ಕೈಬಿಟ್ಟುಹೋಗಿದ್ದ ಕಸುಬನ್ನೇ ಮತ್ತೆ ಕಲಿತು ಮಾಡಿದ ಆ ಕೋಣೆ ಅಲ್ಲಿನ ಎಷ್ಟೋ ಮೂಲ ಕೋಣೆಗಳಿಗಿಂತ ಹೆಚ್ಚು ಹೊತ್ತು ನಿಲ್ಲಿಸುವಂಥದು.

ದಿನ ಒಂದೇ ಸಾಕು. ಫ್ರಾಂಕ್‌ಫರ್ಟ್‌ನಿಂದ ವೇಗದ ರೈಲಿನಲ್ಲಿ ಒಂದೂಕಾಲು ಗಂಟೆಯ ದಾರಿ. ನಿಲ್ದಾಣದಿಂದ ಅರಮನೆಗೆ ನಡೆದೇ ಹೋಗಬಹುದು. ದಕ್ಷಿಣ ಭಾಗದಲ್ಲಿ ವಿಶ್ವವಿದ್ಯಾಲಯದ ಮಾರ್ಟಿನ್ ಫಾನ್ ವಾಗ್ನರ್ ವಸ್ತುಸಂಗ್ರಹಾಲಯವಿದ್ದು, ಅಲ್ಲಿನ ಪ್ರಾಚೀನ ಗ್ರೀಕ್ ಮಣ್ಣಿನ ಪಾತ್ರೆಗಳು ನೋಡತಕ್ಕವು. ಅದರ ವೇಳಾಪಟ್ಟಿ ಬೇರೆಯಾದ್ದರಿಂದ ಮೊದಲೇ ವಿಚಾರಿಸಿಕೊಳ್ಳಿ. ಹಿಂಬದಿಯ ಉದ್ಯಾನವನ್ನು ಸಂಜೆಗಿಟ್ಟುಕೊಳ್ಳಿ.

ಬೆಳಿಗ್ಗೆ ಬಾಗಿಲು ತೆರೆದೊಡನೆ ಮೆಟ್ಟಿಲಸಾಲೆಗೆ ಹೋಗಿ, ಆದರೆ ಮೇಲೇರಲು ಅವಸರಪಡಬೇಡಿ. ಹತ್ತುವಾಗ ಮೊದಲು ಕಾಣುವುದು ಅಮೆರಿಕ. ನಡುವಿನ ಅಂಕಣದಲ್ಲಿ ಹಿಂದಿರುಗಿದ ಮೇಲೆ ಯುರೋಪ್ ಎದುರಾಗುತ್ತದೆ. ಆನೆಯೇರಿದ ಏಷ್ಯಾ ಉದ್ದನೆಯ ಬದಿಯಲ್ಲಿದೆ. ಯುರೋಪಿನ ಕೆಳ ಅಂಚಿನಲ್ಲಿ ಫಿರಂಗಿಯ ಮೇಲೆ, ಸೈನಿಕ ದಿರಿಸಿನಲ್ಲಿ ಒರಗಿ ಕುಳಿತವನೇ ನಾಯ್ಮನ್.