ಬೆಂಜೊಲಿನ್‌ಗೆ ಸಾಕೆಟ್ ಹಾಕೋದಾದರೆ ಮೊದಲು ಎಲ್ಲಿ?

ನಿಮ್ಮ ಪ್ರಶ್ನೆ ಇಷ್ಟು ತಾನೆ: ಬೆಂಜೊಲಿನ್ (ತನ್ನಷ್ಟಕ್ಕೆ ಹುಚ್ಚುಹುಚ್ಚಾಗಿ ಕೂಗುವ ಪುಟ್ಟ ಸಿಂಥಸೈಜರ್) ಕಟ್ಟಿದ್ದೀರಿ, ಬರೀ ನಾಬ್‌ಗಳಿವೆ. ಈಗ ಪ್ಯಾಚ್ ಪಾಯಿಂಟ್ (ಕೇಬಲ್ ಚುಚ್ಚುವ ಸಾಕೆಟ್), ವೋಲ್ಟೇಜ್ ಕಂಟ್ರೋಲ್ (ನಾಬ್ ಬದಲು ಹೊರಗಿನ ವೋಲ್ಟೇಜ್‌ನಿಂದ ನಡೆಸೋದು) ಎರಡೂ ಬೇಕು, ಆದರೆ ಅದರ ಹುಚ್ಚಾಟ ಹೋಗಬಾರದು. ನಾನೂ ಬೆಂಗಳೂರಲ್ಲೇ ಕೂತು ಇದನ್ನೇ ಮಾಡಿದವನು. ಸಿಕ್ಕ ಸಿಕ್ಕ ಕಡೆಯಿಂದ ವೈರ್ ಎಳೆಯಬೇಡಿ. ಒಳಗೆ ಬರುವ ಸಿಗ್ನಲ್‌ಗೆಲ್ಲ ಸ್ವಿಚ್ ಇರುವ ಸಾಕೆಟ್ ಹಾಕಿ. ಕೇಬಲ್ ಇಲ್ಲದಾಗ ಒಳಗಿನ ದಾರಿ ಹಾಗೇ ಇರಬೇಕು, ಕೇಬಲ್ ಚುಚ್ಚಿದಾಗ ಮಾತ್ರ ಕಡಿಯಬೇಕು.

ಯಾಕೆ ಅಂತೀರಾ? ಸಿಂಥ್ ವಿನ್ಯಾಸಕ ರಾಬ್ ಹೋರ್ಡೈಕ್ ಅವರ ಈ ಸರ್ಕ್ಯೂಟ್‌ನ ಹುಚ್ಚೆಲ್ಲ ಇರೋದು ರಂಗ್ಲರ್ ಅನ್ನೋ ಭಾಗದಲ್ಲಿ. ಒಂದು ಆಸಿಲೇಟರ್ (ಸ್ವರ ಹುಟ್ಟಿಸುವ ಭಾಗ) 8 ಹಂತದ ಶಿಫ್ಟ್ ರಿಜಿಸ್ಟರ್‌ಗೆ (ಪ್ರತಿ ಕ್ಲಾಕ್ ಏಟಿಗೆ ಬಿಟ್‌ಗಳನ್ನು ಒಂದು ಹೆಜ್ಜೆ ಮುಂದೆ ತಳ್ಳುವ ಚಿಪ್) ಕ್ಲಾಕ್ ಕೊಡುತ್ತದೆ, ಇನ್ನೊಂದು ಡೇಟಾ ಕೊಡುತ್ತದೆ. ಕೊನೆಯ 3 ಬಿಟ್ ಸೇರಿ 8 ಮೆಟ್ಟಿಲಿನ ವೋಲ್ಟೇಜ್ ಆಗುತ್ತದೆ. ಆ ವೋಲ್ಟೇಜ್ ವಾಪಸ್ ಹೋಗಿ ಎರಡೂ ಆಸಿಲೇಟರ್‌ಗಳ ಪಿಚ್ ಬದಲಿಸುತ್ತದೆ. ಈ ಸುತ್ತು ಕಡಿದುಬಿಟ್ಟರೆ ಉಳಿಯೋದು ಎರಡು ಸಾದಾ ಆಸಿಲೇಟರ್, ಒಂದು ಫಿಲ್ಟರ್, ಅಷ್ಟೆ.

ಹಾಗಾಗಿ ಮೊದಲ ಸಾಕೆಟ್ ‘ರನ್’ ನಾಬ್‌ಗಳ ಹತ್ತಿರ, ಅಂದರೆ ರಂಗ್ಲರ್ ವೋಲ್ಟೇಜ್ ಆಸಿಲೇಟರ್‌ಗೆ ಎಷ್ಟು ಹೋಗಬೇಕು ಅಂತ ನೋಡಿಕೊಳ್ಳುವ ನಾಬ್‌ಗಳ ಹತ್ತಿರ. ರಂಗ್ಲರ್‌ನಿಂದ ಆ ನಾಬ್‌ನ ಪಾಟ್‌ನ (ತಿರುಗಿಸಿದಂತೆ ಬದಲಾಗುವ ರೆಸಿಸ್ಟರ್) ಮೇಲಿನ ಕಾಲಿಗೆ ಬರುವ ವೈರ್ ಬಿಚ್ಚಿ. ಅದನ್ನು ಸಾಕೆಟ್‌ನ ಸ್ವಿಚ್ ಕಾಲಿಗೆ ಹಾಕಿ, ಟಿಪ್‌ನಿಂದ (ಕೇಬಲ್‌ನ ತುದಿ ಮುಟ್ಟುವ ಕಾಲು) ಪಾಟ್‌ಗೆ ಹೊಸ ವೈರ್ ಕೊಡಿ. ಮುಗೀತು. ಈಗ ಎಲ್‌ಎಫ್‌ಒ (ನಿಧಾನವಾಗಿ ಏರಿಳಿಯುವ ಆಸಿಲೇಟರ್) ಚುಚ್ಚಿದರೆ ಅದರ ಪ್ರಮಾಣವನ್ನು ಅದೇ ನಾಬ್ ನೋಡಿಕೊಳ್ಳುತ್ತದೆ. ಹೊಸ ಪಾಟ್ ಬೇಡ, ಹೊಸ ಆಪ್‌ಆಂಪ್ (ಆಂಪ್ಲಿಫೈಯರ್ ಚಿಪ್) ಬೇಡ. ರಂಗ್ಲರ್ ಇರಲಿ, ಹೊರಗಿನ ವೋಲ್ಟೇಜೂ ಸೇರಲಿ ಅನ್ನೋದಾದರೆ ಮಾತ್ರ ಬೇರೆ ಸಾಕೆಟ್, 100ಕೆ (1 ಲಕ್ಷ ಓಮ್) ಪಾಟ್, ಅದರ ವೈಪರ್‌ನಿಂದ (ನಡುವಿನ ಕಾಲು) 100ಕೆ ರೆಸಿಸ್ಟರ್, ಅಲ್ಲಿಂದ ವೋಲ್ಟೇಜ್‌ಗಳು ಕೂಡುವ ಜಾಗಕ್ಕೆ. ಸ್ಕೀಮ್ಯಾಟಿಕ್‌ನಲ್ಲಿ ಫ್ರೀಕ್ವೆನ್ಸಿ ಮತ್ತು ರನ್ ನಾಬ್‌ಗಳ ರೆಸಿಸ್ಟರ್‌ಗಳು ಎಲ್ಲಿ ಸೇರುತ್ತವೋ ಅದೇ ಜಾಗ. 1 ವೋಲ್ಟ್‌ಗೆ 1 ಆಕ್ಟೇವ್ ಸರಿಯಾಗಿ ಬರಲಿ ಅಂತ ಒದ್ದಾಡಬೇಡಿ. ಕೀಬೋರ್ಡ್ ನುಡಿಸೋಕೆ ಈ ಯಂತ್ರ ಯಾಕೆ ಬೇಕು ಹೇಳಿ?

ನನಗೆ ಜಾಸ್ತಿ ಇಷ್ಟವಾದದ್ದು ಡೇಟಾ ದಾರಿಯಲ್ಲಿ ಹಾಕುವ ಒಂದು ಟಾಗಲ್ ಸ್ವಿಚ್. ಒಂದು ಕಡೆ ಮಾಮೂಲಿ ಡೇಟಾ, ಇನ್ನೊಂದು ಕಡೆ ರಿಜಿಸ್ಟರ್‌ನ ಕೊನೆಯ ಬಿಟ್. ಆ ಕಡೆ ತಳ್ಳಿದ ತಕ್ಷಣ ಅಲ್ಲಿವರೆಗೆ ಕಿರುಚುತ್ತಿದ್ದದ್ದು 8 ಹೆಜ್ಜೆಯ ಲೂಪ್ ಆಗಿ ನಿಲ್ಲುತ್ತದೆ. ಆ ಬಿಟ್ ಅನ್ನು ಉಲ್ಟಾ ಮಾಡಿ (0 ಇದ್ದರೆ 1, 1 ಇದ್ದರೆ 0) ಕೊಟ್ಟರೆ 16 ಹೆಜ್ಜೆ. ಮತ್ತೆ ಈ ಕಡೆ ತಂದರೆ ಅಡುಗೆಮನೆಯಿಂದ ಅಮ್ಮ “ಮಿಕ್ಸಿ ಸುಟ್ಟೋಯ್ತಾ?” ಅಂತ ಕೇಳುತ್ತಾರೆ.

ಹೊರಗಿನ ಕ್ಲಾಕ್ ಕೊಡೋದಾದರೆ ಹುಷಾರು. ಯೂರೋರ‍್ಯಾಕ್ (ಮಾಡ್ಯೂಲ್ ಜೋಡಿಸಿ ಕಟ್ಟುವ ಸಿಂಥ್ ಪದ್ಧತಿ) ಸಿಗ್ನಲ್ ಮೈನಸ್‌ಗೂ ಹೋಗುತ್ತದೆ. ಶಿಫ್ಟ್ ರಿಜಿಸ್ಟರ್‌ನಂಥ ಸಿಮೋಸ್ ಚಿಪ್‌ನ ಇನ್‌ಪುಟ್ ಅದರ ಸಪ್ಲೈ ದಾಟಬಾರದು. 100ಕೆ ಸರಣಿಯಲ್ಲಿ ಹಾಕಿ, ಚಿಪ್‌ನ ಎರಡೂ ಸಪ್ಲೈ ಕಡೆಗೆ ಒಂದೊಂದು 1ಎನ್4148 ಡಯೋಡ್ ಹಾಕಿ.

ಔಟ್‌ಪುಟ್ ಸುಲಭ. ಆಪ್‌ಆಂಪ್ ಆದಮೇಲೆ 1ಕೆ, ಆಮೇಲೆ ಸಾಕೆಟ್. ಆ 3 ಬಿಟ್ ಸೇರಿಸುವ ರೆಸಿಸ್ಟರ್ ಮೆಟ್ಟಿಲಿನಿಂದ ನೇರವಾಗಿ ಮಾತ್ರ ತೆಗೆಯಬೇಡಿ. ಆಚೆ ಇರುವ ಮಾಡ್ಯೂಲ್ ಕರೆಂಟ್ ಎಳೆದು ಮೆಟ್ಟಿಲುಗಳ ಅಳತೆ ಕೆಡುತ್ತದೆ. ನಡುವೆ ಟಿಎಲ್072ರ (ಎರಡು ಆಪ್‌ಆಂಪ್ ಇರುವ ಐಸಿ) ಅರ್ಧ ಭಾಗವನ್ನು ಬಫರ್ ಮಾಡಿ.

ಸಾಮಾನಿಗೆ ಬೆಂಗಳೂರಿನ ಎಸ್‌ಪಿ ರೋಡ್ (ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ) ಸಾಕು. ಐಸಿ ನಂಬರ್ ಚೀಟಿಯಲ್ಲಿ ಬರೆದುಕೊಂಡು ಹೋಗಿ, “ಸಿಂಥ್‌ಗೆ” ಅಂತ ವಿವರಿಸಲು ಹೋದರೆ ಅರ್ಧ ದಿನ ಅಲ್ಲೇ. ಮೋನೋ ಸಾಕೆಟ್ ಸಿಗದಿದ್ದರೆ ಸ್ವಿಚ್ ಇರುವ 3.5 ಎಂಎಂ ಸ್ಟೀರಿಯೊ ಸಾಕೆಟ್ ತಗೊಳ್ಳಿ, ರಿಂಗ್ ಕಾಲಿಗೆ ಏನೂ ಬೆಸುಗೆ ಹಾಕಬೇಡಿ. ಯಾವ ಕಾಲು ಸ್ವಿಚ್ ಅನ್ನೋದನ್ನು ಮಲ್ಟಿಮೀಟರ್‌ನಲ್ಲಿ ನೋಡಿಕೊಂಡೇ ಪೆಟ್ಟಿಗೆಗೆ ಕೂರಿಸಿ. ಒಂದೊಂದು ಅಂಗಡಿಯ ಸಾಕೆಟ್‌ನಲ್ಲಿ ಒಂದೊಂದು ಥರ ಇರುತ್ತದೆ.